ಬ್ರಹ್ಮಾವರಕ್ಕೆ ಎಷ್ಟು ಅಕ್ಷರ?

ಕುಂದಾಪುರಕ್ಕೆ 4, ಬೈಂದೂರಿಗೆ 3, ಬ್ರಹ್ಮಾವರಕ್ಕೆ 4. ಊರ ಹೆಸರುಗಳ ಅಕ್ಷರವನ್ನು ಎಣಿಸುವ ಈ ಲೆಕ್ಕ ಒಂದನೆಯ ತರಗತಿಯ ಮಗುವಿಗೂ ಕಷ್ಟದ್ದಲ್ಲ. ಕಾಗುಣಿತವನ್ನೂ ಒತ್ತಕ್ಷರವನ್ನೂ ಕಲಿತ ಮಗು ‘ಬ್ರ, ಹ್ಮಾ, ವ, ರ’ ಎಂದು ಬೆರಳು ಮಡಿಸಿ ಉತ್ತರ ಹೇಳಿಬಿಡುತ್ತದೆ. ಆದರೆ ಇದೇ ಪ್ರಶ್ನೆಯನ್ನು ಗಣಕಯಂತ್ರದ ಮುಂದಿಟ್ಟಾಗ ಅದು ಒಂದು ಕಾಲದಲ್ಲಿ 27 ಎಂದಿತು. ಬಳಿಕ ಕೆಲವು ವರ್ಷ ಬುದ್ಧಿ ಕಲಿತು 9 ಎಂದಿತು. ಮತ್ತೊಂದು ಸೂತ್ರವನ್ನು ಹಿಡಿದು ಎಣಿಸಿದಾಗ 6 ಎಂದಿತು. ಜಗಲಿಯಲ್ಲಿ ಕುಳಿತು ಎಲೆಯಡಿಕೆ ಮೆಲ್ಲುವ ಹಿರಿಯರು ಈ ಉತ್ತರಗಳನ್ನು ಕೇಳಿದರೆ, “ನಾಲ್ಕೇ ಅಲ್ದಾ ಮಾರಾಯ? ಅದಕ್ಕೆ ಎಣ್ಸುಕೆ ಬತ್ತಿಲ್ಯಾ?” ಎಂದು ಮೊಮ್ಮಗನನ್ನು ಗದರಿಸಿಯಾರು.

ಹಿರಿಯರ ಗದರಿಕೆ ನ್ಯಾಯವಾದದ್ದೇ. ಆದರೆ ಯಂತ್ರದ ಈ ಮೂರು ಉತ್ತರಗಳ ಹಿಂದೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಒಂದು ಚರಿತ್ರೆಯುಂಟು. ಗಣಕದ ಭಾಷೆಗಳಿಗೆ ವರ್ಷವರ್ಷವೂ ಹೊಸ ಆವೃತ್ತಿಗಳು ಬರುತ್ತವೆ. ಅವುಗಳ ದೊಡ್ಡ ಸುದ್ದಿಗಳು ಬೆಂಗಳೂರಿನ ಕಂಪೆನಿಗಳಲ್ಲಿ ಕೆಲಸ ಮಾಡುವ ತರುಣರ ಬಾಯಲ್ಲಿ ನಲಿಯುತ್ತವೆ. ಸಣ್ಣ ಸುದ್ದಿಗಳು ಪ್ರಕಟನೆಯ ಕೊನೆಯ ಪುಟಗಳಲ್ಲಿ, ಒಂದೊಂದು ಸಾಲಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ ಮುದುಡಿ ಕುಳಿತಿರುತ್ತವೆ. ಕನ್ನಡಿಗನ ಸುಖದುಃಖ ಹೆಚ್ಚಾಗಿ ಆ ಸಣ್ಣ ಸಾಲುಗಳಲ್ಲಿದೆ ಎಂಬುದನ್ನು ಈ ವಾರ ವಾಚಕರು ಗಮನಿಸಬಹುದು.

ಹೆಬ್ಬಾವಲ್ಲದ ಪೈಥಾನ್

ಗಣಕಕ್ಕೆ ಕೆಲಸವನ್ನು ಹೇಳಿಕೊಡಲು ಮನುಷ್ಯ ಕಟ್ಟಿಕೊಂಡ ಕೃತಕ ಭಾಷೆಗಳೇ ಪ್ರೋಗ್ರಾಮಿಂಗ್ ಭಾಷೆಗಳು. ಅವುಗಳಲ್ಲಿ ಇಂದು ಶಾಲೆ ಕಾಲೇಜುಗಳಲ್ಲಿ ಬಹಳವಾಗಿ ಕಲಿಸುವ ಒಂದು ಭಾಷೆ ಪೈಥಾನ್. ಹೆಸರು ಹೆಬ್ಬಾವಿನದೆಂದು ತೋರಿದರೂ ಅದನ್ನು ಇಟ್ಟದ್ದು ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ವಿನೋದ ತಂಡದ ನೆನಪಿಗಾಗಿ. ನೆದರ್ಲೆಂಡ್ಸಿನ ಗಿಡೋ ವಾನ್ ರೊಸಮ್ 1989ರ ಡಿಸೆಂಬರಿನಲ್ಲಿ ಕ್ರಿಸ್ಮಸ್ ರಜೆಯ ಬಿಡುವಿಗೊಂದು ಕೆಲಸವೆಂದು ಇದನ್ನು ಆರಂಭಿಸಿ 1991ರಲ್ಲಿ ಲೋಕಕ್ಕೆ ಕೊಟ್ಟರು. 2000ದಲ್ಲಿ ಎರಡನೆಯ ಮಹಾ ಆವೃತ್ತಿಯೂ 2008ರ ಡಿಸೆಂಬರ್ 3ರಂದು ಮೂರನೆಯದೂ ಹೊರಬಂದವು. 2020ರಿಂದ ಪ್ರತಿವರ್ಷ ಅಕ್ಟೋಬರಿನಲ್ಲಿ ಒಂದೊಂದು ಉಪ ಆವೃತ್ತಿ ಬರುವ ಪದ್ಧತಿ ನೆಲೆಗೊಂಡಿತು.

‘ಭಾಷೆಗೆ ಆವೃತ್ತಿಯೆ?’ ಎಂದು ಯಾರಾದರೂ ಹುಬ್ಬೇರಿಸಿದರೆ ನಿಘಂಟುಗಳನ್ನು ನೆನೆಯಬೇಕು. ಕಿಟ್ಟೆಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದನ್ನು ಪರಿಷ್ಕರಿಸಿ, ಹಿಗ್ಗಿಸಿ, ಮರಿಯಪ್ಪ ಭಟ್ಟರು ಮದರಾಸು ವಿಶ್ವವಿದ್ಯಾಲಯದ ಮೂಲಕ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು 1968ರಿಂದ 1971ರ ಅವಧಿಯಲ್ಲಿ. ಗಣಕದ ಭಾಷೆಯಲ್ಲಿಯೂ ಇಂಥ ಪರಿಷ್ಕರಣವೇ ನಡೆಯುವುದು. ಅಲ್ಲಿ ಎರಡು ಭಾಗಗಳಿವೆ. ಒಂದು, ವಾಕ್ಯವನ್ನು ಹೀಗೆ ಬರೆಯಬೇಕು ಎನ್ನುವ ವ್ಯಾಕರಣ. ಇನ್ನೊಂದು, ಮತ್ತೆ ಮತ್ತೆ ಬೇಕಾಗುವ ಕೆಲಸಗಳನ್ನು ಮೊದಲೇ ಮಾಡಿಟ್ಟ ಸಿದ್ಧ ಸಾಮಗ್ರಿಗಳ ಉಗ್ರಾಣ. ಇದಕ್ಕೆ ಲೈಬ್ರರಿ ಎಂದು ಹೆಸರು. ವ್ಯಾಕರಣದಲ್ಲಿ ಹೊಸ ಸೂತ್ರ ಬಂದರೆ ಡಂಗುರ ಹೊಡೆಯುತ್ತಾರೆ. ಉಗ್ರಾಣದ ಅಳತೆಯ ಸೇರನ್ನು ಸರಿಪಡಿಸಿದರೆ ಉಗ್ರಾಣಿಗೆ ಮಾತ್ರ ಗೊತ್ತು.

ಡಂಗುರದ ಸುದ್ದಿಗಳು

ಡಂಗುರದ ಸುದ್ದಿಗಳೂ ಅಲ್ಪವಾದುವಲ್ಲ. 2022ರಲ್ಲಿ ಬಂದ 3.11ನೆಯ ಆವೃತ್ತಿ ಹಿಂದಿನದಕ್ಕಿಂತ ಸರಾಸರಿ ಒಂದೂಕಾಲು ಪಟ್ಟು ವೇಗವಾಗಿತ್ತು. 2025ರ ಅಕ್ಟೋಬರ್ 7ರಂದು ಬಂದ 3.14ನೆಯ ಆವೃತ್ತಿಯಲ್ಲಿ ಎರಡು ಸಂಗತಿಗಳು ಮುಖ್ಯವಾದವು.

ಮೊದಲನೆಯದನ್ನು ದೋಣಿಯ ದೃಷ್ಟಾಂತದಿಂದ ತಿಳಿಯುವುದು ಸುಲಭ. ಗಂಗೊಳ್ಳಿಯ ಅಳಿವೆಯಲ್ಲಿ ಒಂದು ದೋಣಿ. ಅದರಲ್ಲಿ ನಾಲ್ವರು ಅಂಬಿಗರು. ಆದರೆ ಹುಟ್ಟು ಒಂದೇ. ಒಬ್ಬನು ಹುಟ್ಟು ಹಾಕುವಾಗ ಉಳಿದ ಮೂವರು ಕೈಕಟ್ಟಿ ಕುಳಿತಿರಬೇಕು. ಹುಟ್ಟು ಕೈಯಿಂದ ಕೈಗೆ ಸಾಗುತ್ತದೆಯಾದ್ದರಿಂದ ಜಗಳವಿಲ್ಲ. ಆದರೆ ವೇಗವೂ ಇಲ್ಲ. ಪೈಥಾನಿನಲ್ಲಿ ಬಹುಕಾಲ ಇದ್ದ ವ್ಯವಸ್ಥೆ ಇಂಥದು. ಯಂತ್ರದೊಳಗೆ ನಾಲ್ಕಾರು ಸಂಸ್ಕಾರಕಗಳಿದ್ದರೂ ಒಂದು ಕಾರ್ಯಕ್ರಮದ ಎಳೆಗಳಲ್ಲಿ ಒಮ್ಮೆಗೆ ಒಂದು ಮಾತ್ರ ಪೈಥಾನಿನ ಆಜ್ಞೆಗಳನ್ನು ನಡೆಸಬಹುದಾಗಿತ್ತು. 2023ರಲ್ಲಿ ಅಂಗೀಕೃತವಾದ ಪ್ರಸ್ತಾಪದಂತೆ ಎಲ್ಲರಿಗೂ ಒಂದೊಂದು ಹುಟ್ಟು ಕೊಡುವ ಬೇರೊಂದು ಮಾದರಿ 2024ರ 3.13ನೆಯ ಆವೃತ್ತಿಯಲ್ಲಿ ಪ್ರಯೋಗಕ್ಕೆ ಬಂದು, 3.14ರಲ್ಲಿ ಅಧಿಕೃತ ಮನ್ನಣೆಯನ್ನು ಪಡೆಯಿತು. ಇದಕ್ಕೆ ಬೆಲೆಯೂ ಉಂಟು: ಒಬ್ಬನೇ ಅಂಬಿಗನಿರುವ ದೋಣಿ ಈ ಮಾದರಿಯಲ್ಲಿ ಸುಮಾರು ಶೇಕಡ 5ರಿಂದ 10ರಷ್ಟು ನಿಧಾನವಾಗುತ್ತದೆ. ಆದ್ದರಿಂದಲೇ ಅದನ್ನು ಬೇಕೆಂದವರು ಮಾತ್ರ ಆರಿಸಿಕೊಳ್ಳುವಂತೆ ಬೇರೆಯಾಗಿ ಇಟ್ಟಿದ್ದಾರೆ.

ಎರಡನೆಯದು ಬರೆಹದ ಅಚ್ಚುಗಳಿಗೆ ಸೇರಿದ್ದು. ಮದುವೆಯ ಕರೆಯೋಲೆಯಲ್ಲಿ ಹೆಸರಿಗೆ ಜಾಗ ಬಿಟ್ಟು ಅಚ್ಚು ಹಾಕಿಸಿ, ಬಳಿಕ ಒಂದೊಂದರಲ್ಲಿ ಒಬ್ಬೊಬ್ಬರ ಹೆಸರನ್ನು ತುಂಬುವ ಪದ್ಧತಿ ಎಲ್ಲರಿಗೂ ಗೊತ್ತು. ಪೈಥಾನಿನ ಹಳೆಯ ಕ್ರಮದಲ್ಲಿ ಹೆಸರು ತುಂಬಿದೊಡನೆ ಓಲೆ ಸಿದ್ಧವಾಗಿಬಿಡುತ್ತಿತ್ತು. ತುಂಬಿದ ಹೆಸರು ಯಾವುದು, ಅಚ್ಚಿನ ಮಾತು ಯಾವುದು ಎಂದು ಆಮೇಲೆ ಬೇರ್ಪಡಿಸುವಂತಿರಲಿಲ್ಲ. ದುಷ್ಟನೊಬ್ಬ ಹೆಸರಿನ ಜಾಗದಲ್ಲಿ ಆಜ್ಞೆಯನ್ನೇ ತುಂಬಿಬಿಟ್ಟರೆ ಯಂತ್ರ ಮೋಸಹೋಗುವ ಅಪಾಯವಿತ್ತು. 3.14ರ ಹೊಸ ಅಚ್ಚಿನಲ್ಲಿ ಓಲೆಯೂ ಹೆಸರುಗಳೂ ಬೇರೆಬೇರೆಯಾಗಿಯೇ ಉಳಿಯುತ್ತವೆ. ನಡುವೆ ಒಬ್ಬ ಪರಿಶೀಲಕನು ಹೆಸರುಗಳನ್ನು ನೋಡಿ ಶುದ್ಧಿಮಾಡಿ ಅನಂತರ ಸೇರಿಸಬಹುದು.

ಉಗ್ರಾಣವನ್ನು ಗುಡಿಸುವುದೂ ಉಂಟು. 3.13ನೆಯ ಆವೃತ್ತಿಯಲ್ಲಿ ಬಳಕೆ ತಪ್ಪಿದ 19 ಹಳೆಯ ಸಾಮಗ್ರಿಗಳನ್ನು ಹೊರಹಾಕಿದರು. ಅವುಗಳನ್ನೇ ನೆಚ್ಚಿದ ಹಳೆಯ ಕಾರ್ಯಕ್ರಮಗಳು ಹೊಸ ಆವೃತ್ತಿಯಲ್ಲಿ ನಡೆಯುವುದಿಲ್ಲ. ಆದುದರಿಂದ ಹೊಸತು ಬಂತೆಂದು ಕಣ್ಣು ಮುಚ್ಚಿ ಹಳೆಯದನ್ನು ಕಿತ್ತೆಸೆಯುವುದು ವಿವೇಕವಲ್ಲ.

ಓದಲಾರದ ಯಂತ್ರ

ಇನ್ನು ಸಣ್ಣ ಸಾಲುಗಳ ಕಡೆಗೆ ತಿರುಗಬಹುದು. ಕುಂದಾಪುರದ ಕಡೆಯ ಕನ್ನಡಕ್ಕೆ ತನ್ನದೇ ಸೊಗಸುಂಟು. 2019ರಿಂದ ಆಷಾಢದ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಜನರು ಆಚರಿಸುತ್ತ ಬಂದಿದ್ದಾರೆ. ಪಂಜು ಗಂಗೊಳ್ಳಿಯವರೂ ಅವರ ಸಂಗಡಿಗರೂ ಈ ನುಡಿಗೆ ಒಂದು ನಿಘಂಟನ್ನೇ ಕಟ್ಟಿಕೊಟ್ಟಿದ್ದಾರೆ. ಈ ಸೀಮೆಯ ಕಾಲೇಜೊಂದರ ವಿದ್ಯಾರ್ಥಿನಿ ತನ್ನ ಅಜ್ಜಿಯ ಬಾಯಿಂದ ಕೇಳಿದ ಮಾತುಗಳನ್ನೂ ಸುತ್ತಣ ಹಳ್ಳಿಗಳ ಹೆಸರುಗಳನ್ನೂ ಒಂದು ಪಟ್ಟಿ ಮಾಡಿ, ಪೈಥಾನಿನ ನೆರವಿನಿಂದ ಅವುಗಳನ್ನು ಎಣಿಸಿ ಅಕಾರಾದಿಯಾಗಿ ಜೋಡಿಸಹೊರಟಳೆಂದು ಊಹಿಸಬಹುದು. ಅವಳ ದಾರಿಯಲ್ಲಿ ಎಷ್ಟು ಕಲ್ಲುಮುಳ್ಳುಗಳಿವೆ?

ಮೊದಲ ಕಲ್ಲು ಪಟ್ಟಿಯನ್ನು ತೆರೆಯುವಲ್ಲಿಯೇ ಕಾಲಿಗೆ ತಾಗುತ್ತದೆ. ಗಣಕಕ್ಕೆ ಅಕ್ಷರ ತಿಳಿಯದು. ಅಂಕೆ ಮಾತ್ರ ತಿಳಿಯುವುದು. ಲೋಕದ ಎಲ್ಲ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರಕಿತ್ತು. ಆ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಇಂದಿನ ಸರ್ವಸಾಮಾನ್ಯ ಕ್ರಮ ಯುಟಿಎಫ್-8. ಈ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟುಗಳು, ಅಂದರೆ ಮೂರು ಪುಟ್ಟ ಮನೆಗಳು, ಬೇಕು.

ಆದರೆ ಇಂಗ್ಲಿಷ್ ಕ್ರಮಕ್ಕೆ ಹೊಂದಿಸಿದ ವಿಂಡೋಸ್ ಯಂತ್ರದಲ್ಲಿ, ಕಡತ ಯಾವ ಕ್ರಮದಲ್ಲಿದೆ ಎಂದು ಬಾಯಿಬಿಟ್ಟು ಹೇಳದಿದ್ದರೆ, ಪೈಥಾನ್ ಅದನ್ನು ಪಶ್ಚಿಮ ಯೂರೋಪಿನ ಹಳೆಯ ಸಂಕೇತಪಟ್ಟಿಯಂತೆ ಓದಲು ಹೊರಡುವುದು 3.14ರವರೆಗೂ ನಡೆದುಬಂದ ರೂಢಿ. ಪರಿಣಾಮ ವಿಚಿತ್ರವಾದುದು. ‘ಕೋಟ’ ಎಂಬ ಹೆಸರು ಅರ್ಥವಿಲ್ಲದ ಒಂಬತ್ತು ಚಿಹ್ನೆಗಳಾಗಿ ಹರಿದುಹೋಗುತ್ತದೆ. ‘ಬ್ರಹ್ಮಾವರ’ದ ಗತಿ ಇನ್ನೂ ಕೆಟ್ಟದು. ಬಕಾರದ ಮುಂದಿನ ಅರ್ಧಾಕ್ಷರದ ಚಿಹ್ನೆಯ ಮೂರನೆಯ ಬೈಟಿಗೆ ಆ ಹಳೆಯ ಪಟ್ಟಿಯಲ್ಲಿ ಅರ್ಥವೇ ಇಲ್ಲ. ಯಂತ್ರ ಅಲ್ಲಿಯೇ ಮುಗ್ಗರಿಸಿ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ‘ಉ’ಕಾರದ ಕೊಂಬಿಗೂ ಇದೇ ದುರ್ಗತಿ, ಆದ್ದರಿಂದ ಕುಂದಾಪುರವನ್ನೂ ಬೈಂದೂರನ್ನೂ ಅದು ದಾಟಲಾರದು. ಒತ್ತಕ್ಷರವಿಲ್ಲದ, ಕೊಂಬಿಲ್ಲದ ಕನ್ನಡದ ಪುಟ ಎಲ್ಲಿದ್ದೀತು?

ಎಷ್ಟೋ ಮಕ್ಕಳು ಇಲ್ಲಿಯೇ ಸೋತು, ಕನ್ನಡ ಗಣಕಕ್ಕೆ ಒಗ್ಗದ ಭಾಷೆಯೆಂದು ನಂಬಿ ಇಂಗ್ಲಿಷ್ ಪಟ್ಟಿಗೆ ಮರಳಿದರೆ ಆಶ್ಚರ್ಯವಿಲ್ಲ. ತಪ್ಪು ಕನ್ನಡದ್ದೂ ಅಲ್ಲ, ಮಕ್ಕಳದ್ದೂ ಅಲ್ಲ. ತೆರೆಯುವಾಗ ‘ಯುಟಿಎಫ್-8’ ಎಂಬ ಒಂದು ಮಾತನ್ನು ಸೇರಿಸಿದರೆ ಸಾಕು, ಯಂತ್ರ ತಡವರಿಸದೆ ಓದುತ್ತದೆ. ಆ ಒಂದು ಮಾತನ್ನೂ ಹೇಳಬೇಕಾಗದಂತೆ ಯುಟಿಎಫ್-8 ಅನ್ನೇ ಸಹಜ ಕ್ರಮವನ್ನಾಗಿ ಮಾಡಬೇಕೆಂಬ ಪ್ರಸ್ತಾಪವನ್ನು ಮುಂದಿಟ್ಟವರು ಜಪಾನಿನ ಇನಾಡಾ ನಾವೋಕಿ. 3.15ನೆಯ ಆವೃತ್ತಿಯಿಂದ ಹಾಗೆಯೇ ಆಗಬೇಕೆಂದು 2022ರಲ್ಲಿ ನಿರ್ಧಾರವಾಯಿತು. ತನ್ನ ಲಿಪಿ ರೋಮನ್ ಅಲ್ಲದವನಿಗೇ ಈ ಮುಳ್ಳಿನ ನೋವು ಗೊತ್ತಿರುವುದು ಸಹಜ.

ಎರಡು ಕೋಟ

ಎರಡನೆಯ ಕಲ್ಲು ಕಣ್ಣಿಗೆ ಕಾಣದು. ಶಿವರಾಮ ಕಾರಂತರು ಹುಟ್ಟಿದ ಊರು ಕೋಟ. ಈ ಹೆಸರನ್ನು ಗಣಕದಲ್ಲಿ ಎರಡು ಬಗೆಯಾಗಿ ಬರೆದಿಡಲು ಸಾಧ್ಯ. ‘ಕೋ’ ಎಂಬಲ್ಲಿ ಓಕಾರದ ಚಿಹ್ನೆ ಇಡಿಯಾಗಿ ಒಂದೇ ಸಂಖ್ಯೆಯಾಗಿದ್ದರೆ ಕೋಟಕ್ಕೆ 3 ಚಿಹ್ನೆಗಳು. ಅದನ್ನೇ ಎತ್ವ, ಊಕಾರದ ಕೊಂಬು, ದೀರ್ಘ ಎಂದು ಬಿಡಿಸಿ ಇಟ್ಟಿದ್ದರೆ 5 ಚಿಹ್ನೆಗಳು. ತೆರೆಯ ಮೇಲೆ ಎರಡೂ ಅಕ್ಷರಶಃ ಒಂದೇ. ಯಂತ್ರದ ಪಾಲಿಗೆ ಎರಡು ಬೇರೆ ಊರುಗಳು. ಆ್ಯಪಲ್ ಕಂಪೆನಿಯ ಯಂತ್ರಗಳ ಹಿಂದಿನ ಕಡತವ್ಯವಸ್ಥೆ ಕಡತಗಳ ಹೆಸರನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಹೀಗಾಗಿ ಕೋಟ ಎಂದು ಹುಡುಕಿದವನಿಗೆ, ಕಣ್ಣೆದುರಿಗೇ ಇರುವ ಕೋಟ ಸಿಕ್ಕದೆ ಹೋಗಬಹುದು.

ಮತದಾರರ ಪಟ್ಟಿಯೋ ಪಡಿತರದ ಪಟ್ಟಿಯೋ ಇಂಥ ಎರಡು ರೂಪಗಳಲ್ಲಿ ಬೆರೆತಿದ್ದರೆ ಒಬ್ಬನ ಹೆಸರು ಇದ್ದೂ ಇಲ್ಲದಂತಾಗುವ ಅಪಾಯವುಂಟು. ಇದಕ್ಕೆ ಪೈಥಾನಿನ ಉಗ್ರಾಣದಲ್ಲಿ ಮದ್ದುಂಟು. ಎರಡು ರೂಪಗಳನ್ನೂ ಒಂದೇ ಅಚ್ಚಿಗೆ ತರುವ ‘ನಾರ್ಮಲೈಸ್’ ಎಂಬ ಸಾಧನ ಬಹುಕಾಲದಿಂದ ಅಲ್ಲಿದೆ. ಬರೆಹ ಈಗಾಗಲೇ ಆ ಅಚ್ಚಿನಲ್ಲಿದೆಯೇ ಎಂದು ಪರೀಕ್ಷಿಸಿ ಹೇಳುವ ಇನ್ನೊಂದು ಸಾಧನ 2019ರ 3.8ನೆಯ ಆವೃತ್ತಿಯಲ್ಲಿ ಸೇರಿತು. ಲಕ್ಷ ಹೆಸರುಗಳ ಪಟ್ಟಿಯನ್ನು ಇಟ್ಟುಕೊಂಡವನಿಗೆ ಇದು ದೊಡ್ಡ ಉಪಕಾರ: ಸರಿಯಾಗಿರುವ ಹೆಸರುಗಳನ್ನು ಮತ್ತೆ ಮತ್ತೆ ತಿದ್ದಿ ಬರೆಯುವ ಶ್ರಮ ತಪ್ಪಿತು. ಪ್ರಕಟನೆಯಲ್ಲಿ ಇದಕ್ಕೆ ದೊರಕಿದ ಜಾಗ ಎರಡು ಮೂರು ಸಾಲು.

ಬಸ್ರೂರೋ ಬಳ್ಕೂರೋ

ಕುಂದಾಪುರದ ಪೂರ್ವಕ್ಕೆ, ಹೊಳೆಯ ಬದಿಯಲ್ಲಿ, ನೆರೆಹೊರೆಯ ಎರಡು ಊರುಗಳು ಬಸ್ರೂರು ಮತ್ತು ಬಳ್ಕೂರು. ಅಕಾರಾದಿಯಲ್ಲಿ ಯಾವುದು ಮೊದಲು? ‘ಶ ಷ ಸ ಹ ಳ’ ಎಂದು ಬಾಯಿಪಾಠ ಮಾಡಿದ ಯಾವ ಕನ್ನಡಿಗನೂ ಬಸ್ರೂರನ್ನೇ ಮೊದಲು ಇಡುತ್ತಾನೆ. ಸಕಾರದ ನಂತರವಲ್ಲವೆ ಳಕಾರ? ಪೈಥಾನ್ ಬಳ್ಕೂರನ್ನು ಮುಂದೆ ತಂದು ಕೂರಿಸುತ್ತದೆ.

ಇದರ ಕಾರಣ ಸ್ವಾರಸ್ಯವಾದುದು. ಪೈಥಾನ್ ಜೋಡಿಸುವುದು ಯೂನಿಕೋಡಿನ ಸಂಖ್ಯೆಗಳ ಅನುಕ್ರಮದಲ್ಲಿ. ಆ ಸಂಖ್ಯೆಗಳನ್ನು ಕೊಟ್ಟವರು ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟನ್ನು ಇಟ್ಟುಕೊಂಡರು. 1988ರಲ್ಲಿ ನಮ್ಮ ದೇಶದಲ್ಲಿಯೇ ರೂಪುಗೊಂಡ ಸಂಕೇತಪದ್ಧತಿ ಅದಕ್ಕೆ ಆಧಾರವಾಗಿತ್ತು. ಆ ಚೌಕಟ್ಟಿನಲ್ಲಿ ಳಕಾರದ ಮನೆ ಲಕಾರದ ಪಕ್ಕದಲ್ಲಿದೆ. ಎಲ್ಲ ಲಿಪಿಗಳಿಗೂ ಒಂದೇ ಅಂಗಿ ಹೊಲಿಯುವಾಗ ಕನ್ನಡದ ತೋಳು ಸ್ವಲ್ಪ ಗಿಡ್ಡವಾಯಿತು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸುವುದು ಯೂನಿಕೋಡಿನ ನಿಯಮಕ್ಕೆ ವಿರುದ್ಧ. ಆದ್ದರಿಂದ ಜೋಡಿಸುವ ಕೆಲಸದಲ್ಲಿ ಕನ್ನಡದ ಕ್ರಮವನ್ನು ಬೇರೆಯಾಗಿಯೇ ತಿಳಿಸಬೇಕು. ಪೈಥಾನಿನಲ್ಲಿ ಅದಕ್ಕೆ ಅನುಕೂಲವುಂಟು: ಳಕಾರವನ್ನು ಹಕಾರದ ನಂತರ ಇಡತಕ್ಕದ್ದೆಂದು ಒಂದು ಸಣ್ಣ ಸೂತ್ರವನ್ನು ಬರೆದು ಜೋಡಣೆಯ ಸಾಧನಕ್ಕೆ ಒಪ್ಪಿಸಿದರೆ ಬಸ್ರೂರು ತನ್ನ ಸ್ಥಾನಕ್ಕೆ ಬರುತ್ತದೆ. ಆದರೆ ಈ ಸೂತ್ರವನ್ನು ಬರೆಯಬೇಕಾದವನಿಗೆ ಎರಡು ವಿದ್ಯೆಗಳು ಬೇಕು, ಪೈಥಾನೂ ಬೇಕು, ವರ್ಣಮಾಲೆಯೂ ಬೇಕು.

27, 9, 6, 4

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಪೈಥಾನಿನ ಎರಡನೆಯ ಮಹಾ ಆವೃತ್ತಿಯಲ್ಲಿ ಸಾಮಾನ್ಯ ಉದ್ಧರಣಚಿಹ್ನೆಯೊಳಗೆ ‘ಬ್ರಹ್ಮಾವರ’ ಎಂದು ಬರೆದು ಉದ್ದವನ್ನು ಕೇಳಿದರೆ ಅದು ಬೈಟುಗಳನ್ನು ಎಣಿಸುತ್ತಿತ್ತು. ಒಂಬತ್ತು ಚಿಹ್ನೆಗಳಿಗೆ ಮೂರು ಮೂರರಂತೆ 27. ಗೋಡೆಯನ್ನು ತೋರಿಸಿ ಎಷ್ಟು ಕೋಣೆಗಳೆಂದು ಕೇಳಿದರೆ ಕಲ್ಲುಗಳನ್ನು ಎಣಿಸಿದಂತೆ. 2008ರ ಮೂರನೆಯ ಆವೃತ್ತಿ ಈ ದೋಷವನ್ನು ತಿದ್ದಿತು. ಬರೆಹವೆಂದರೆ ಯೂನಿಕೋಡಿನ ಚಿಹ್ನೆಗಳ ಸಾಲು ಎಂದು ಅದು ನಿಯಮ ಮಾಡಿತು. ಬ, ಅರ್ಧಚಿಹ್ನೆ, ರ, ಹ, ಅರ್ಧಚಿಹ್ನೆ, ಮ, ದೀರ್ಘ, ವ, ರ, ಹೀಗೆ 9. ಈ ಬದಲಾವಣೆಗಾಗಿ ಹಳೆಯ ಕಾರ್ಯಕ್ರಮಗಳನ್ನು ತಿದ್ದಿ ಬರೆಯಬೇಕಾಯಿತು. ಲೋಕವೆಲ್ಲ ಹನ್ನೊಂದು ವರ್ಷ ಎರಡು ದೋಣಿಗಳಲ್ಲಿ ಕಾಲಿಟ್ಟು ನಡೆದ ಮೇಲೆ 2020ರ ಜನವರಿ 1ರಂದು ಎರಡನೆಯ ಆವೃತ್ತಿಯ ಪೋಷಣೆ ನಿಂತಿತು. ಇಂಗ್ಲಿಷನ್ನು ಮಾತ್ರ ಬಲ್ಲವರಿಗೆ ಈ ಶ್ರಮವೆಲ್ಲ ಏತಕ್ಕೆ ಎನಿಸಿದ್ದೀತು. ಅವರ ಅಕ್ಷರಗಳಿಗೆ ಒಂದೇ ಬೈಟು ಸಾಕಾದ್ದರಿಂದ ಎರಡು ಆವೃತ್ತಿಗಳಲ್ಲಿಯೂ ಅವರ ಲೆಕ್ಕ ಸರಿಯಾಗಿಯೇ ಇತ್ತು.

ಚಿಹ್ನೆಗಳ ಎಣಿಕೆ 9 ಆದರೂ ಓದುಗನ ಎಣಿಕೆ 4. ಓದುಗನ ಕಣ್ಣಿಗೆ ಒಂದಾಗಿ ಕಾಣುವ ಚಿಹ್ನೆಗಳ ಗುಂಪನ್ನು ಗುರುತಿಸಲು ಯೂನಿಕೋಡಿನವರೇ ನಿಯಮಗಳನ್ನು ಮಾಡಿದ್ದಾರೆ. 3.14ರವರೆಗೆ ಪೈಥಾನಿನ ಸ್ವಂತ ಉಗ್ರಾಣದಲ್ಲಿ ಈ ಗುಂಪುಗಳನ್ನು ಎಣಿಸುವ ಸಾಧನವಿರಲಿಲ್ಲ. ‘ರೆಜೆಕ್ಸ್’ ಎಂಬಂಥ ಹೊರಗಿನ ಸಾಮಗ್ರಿಗಳನ್ನು ತರಿಸಿಕೊಳ್ಳಬೇಕಾಗಿತ್ತು. ಆ ನಿಯಮದಂತೆ ಕುಂದಾಪುರಕ್ಕೆ 4, ಬೈಂದೂರಿಗೆ 3, ಎರಡೂ ಸರಿ. ಬ್ರಹ್ಮಾವರಕ್ಕೆ ಮಾತ್ರ 6. ಒತ್ತಕ್ಷರವನ್ನು ಅದು ‘ಬ್, ರ’ ಎಂದೂ ‘ಹ್, ಮಾ’ ಎಂದೂ ಸೀಳಿ ಎಣಿಸುತ್ತದೆ.

2023ರಲ್ಲಿ ಯೂನಿಕೋಡಿನ 15.1ನೆಯ ಆವೃತ್ತಿ ಈ ಸೀಳುವಿಕೆಯನ್ನು ತಪ್ಪಿಸುವ ಹೊಸ ಸೂತ್ರವೊಂದನ್ನು ತಂದಿತು: ಅರ್ಧಚಿಹ್ನೆಯಿಂದ ಕೂಡಿದ ವ್ಯಂಜನಗಳನ್ನು ಒಂದೇ ಗುಂಪೆಂದು ಎಣಿಸತಕ್ಕದ್ದು. ಸೂತ್ರ ಅನ್ವಯಿಸುವ ಲಿಪಿಗಳ ಪಟ್ಟಿಯಲ್ಲಿ ದೇವನಾಗರಿ ಇತ್ತು. ಬಂಗಾಳಿ, ಗುಜರಾತಿ, ಒಡಿಯಾ ಇದ್ದವು. ನಮ್ಮ ನೆರೆಯ ತೆಲುಗು ಮತ್ತು ಮಲಯಾಳಗಳೂ ಇದ್ದವು. ಕನ್ನಡ ಇರಲಿಲ್ಲ. ಅದೇ ಬ್ರಹ್ಮಾವರವನ್ನು ತೆಲುಗು ಲಿಪಿಯಲ್ಲಿ ಬರೆದರೆ ಆ ಪಟ್ಟಿಯಂತೆ 4, ಕನ್ನಡ ಲಿಪಿಯಲ್ಲಿ ಬರೆದರೆ 6! ಮರುವರ್ಷದ ಪೈಥಾನ್ 3.13 ಇದೇ 15.1ರ ಅಕ್ಷರಕೋಷ್ಟಕವನ್ನು ತನ್ನ ಉಗ್ರಾಣಕ್ಕೆ ತುಂಬಿಕೊಂಡಿತು. ಬಣ್ಣಬಣ್ಣದ ಅಕ್ಷರಗಳ ಹೊಸ ತೆರೆಯೂ ಅದೇ ಆವೃತ್ತಿಯಲ್ಲಿ ಬಂದುದರಿಂದ ಮಾತೆಲ್ಲ ಅದರ ಮೇಲೆಯೇ ನಡೆಯಿತು.

ಹೆಸರಿನ ಹಕ್ಕು

ಕನ್ನಡಕ್ಕೆ ಪೈಥಾನ್ ಉಪಕಾರವನ್ನು ಮಾಡಿಲ್ಲವೆಂದಲ್ಲ. ಮೂರನೆಯ ಆವೃತ್ತಿಯಿಂದ ಕಾರ್ಯಕ್ರಮದೊಳಗಿನ ಹೆಸರುಗಳನ್ನು ಕನ್ನಡದಲ್ಲಿಯೇ ಇಡಬಹುದಾಗಿದೆ. ಮೀನಿನ ಬೆಲೆಯನ್ನು ‘ಬೆಲೆ’ ಎಂದೂ ತೂಕವನ್ನು ‘ತೂಕ’ ಎಂದೂ ಬರೆದರೆ ಯಂತ್ರ ಒಪ್ಪುತ್ತದೆ. ಕನ್ನಡದ ಅಂಕೆಗಳಲ್ಲಿ ‘೨೫’ ಎಂದು ಯಾರಾದರೂ ಬೆರಳಚ್ಚಿಸಿಕೊಟ್ಟ ಬರೆಹವನ್ನು ಸಂಖ್ಯೆಯಾಗಿ ಪರಿವರ್ತಿಸೆಂದರೆ ಅದು ಇಪ್ಪತ್ತೈದು ಎಂದೇ ತಿಳಿಯುತ್ತದೆ. ಆದರೆ ಭಾಷೆಯ 35 ಮೀಸಲು ಪದಗಳು ಇಂಗ್ಲಿಷಿನವೇ. ಹೆಸರುಗಳಲ್ಲಿಯೂ ಒಂದು ತೊಡಕುಂಟು. ‘ಬಸ್‌ನಿಲ್ದಾಣ’ ಎಂಬ ಮಾತಿನಲ್ಲಿ ಸಕಾರಕ್ಕೆ ನಕಾರ ಒತ್ತಾಗಿ ಅಂಟದಂತೆ ನಡುವೆ ಕಾಣದ ಒಂದು ಚಿಹ್ನೆಯನ್ನು ಇಡಬೇಕಾಗುತ್ತದೆ. ಬರೆಹದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಕಾರ್ಯಕ್ರಮದ ಹೆಸರಿನಲ್ಲಿ ಇಟ್ಟರೆ ಯಂತ್ರ ತಪ್ಪೆಂದು ತಿರಸ್ಕರಿಸುತ್ತದೆ.

ಅಕ್ಷರಕೋಷ್ಟಕಕ್ಕೆ ಹೊಸ ಅತಿಥಿಗಳೂ ಬಂದಿದ್ದಾರೆ. ಹಳಗಾಲದ ಬರೆಹದಲ್ಲಿ ಸ್ವರವಿಲ್ಲದ ನಕಾರವನ್ನು ಸೂಚಿಸುತ್ತಿದ್ದ ‘ನಕಾರ ಪೊಲ್ಲು’ 2021ರಲ್ಲಿ ಯೂನಿಕೋಡಿಗೆ ಸೇರಿ, 2022ರ ಪೈಥಾನ್ 3.11ಕ್ಕೆ ಪರಿಚಿತವಾಯಿತು. ಕರಾವಳಿಯ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಅನುನಾಸಿಕ ಸ್ವರಕ್ಕೆ ಬೇಕಾಗುವ, ಅಕ್ಷರದ ಬಲಮೇಲ್ಗಡೆ ಕೂರುವ ಅನುಸ್ವಾರವು 2022ರಲ್ಲಿ ಯೂನಿಕೋಡಿಗೂ 2023ರಲ್ಲಿ ಪೈಥಾನ್ 3.12ಕ್ಕೂ ಬಂದಿತು. ಗಂಗೊಳ್ಳಿಯ ಕೊಂಕಣಿ ಮನೆಯೊಂದರ ಹಾಡಿನ ಪುಸ್ತಕವನ್ನು ಗಣಕಕ್ಕೆ ಏರಿಸುವವನಿಗೆ ಇದು ವೇಗದ ಸುದ್ದಿಗಿಂತ ದೊಡ್ಡ ಸುದ್ದಿ.

ಕೇಳುವವರು ಯಾರು?

ಈ ಎರಡು ಅಕ್ಷರಗಳು ತಾವಾಗಿ ಬಂದು ಕೂತವುಗಳಲ್ಲ. ಲಿಪಿಯನ್ನು ಬಲ್ಲವರು ಹಳೆಯ ಪುಸ್ತಕಗಳ ಪುಟಗಳನ್ನು ಸಾಕ್ಷಿಯಾಗಿ ಇಟ್ಟು, ಇಂಥ ಅಕ್ಷರವಿದೆ, ಇದಕ್ಕೆ ಸ್ಥಾನ ಕೊಡಬೇಕು ಎಂದು ಬರೆದು ಕೇಳಿದುದರಿಂದ ಬಂದವು. ಹೀಗೆ ಕೇಳುವ ಹಕ್ಕು ಯೂನಿಕೋಡಿನಲ್ಲಿ ಎಲ್ಲರಿಗೂ ಉಂಟು. ಪೈಥಾನಿನಲ್ಲಿಯೂ ದೋಷವನ್ನು ತೋರಿಸಿ ತಿದ್ದುಪಡಿಯನ್ನು ಸೂಚಿಸಲು ಯಾವ ದೊಡ್ಡ ಕಂಪೆನಿಯ ಶಿಫಾರಸೂ ಬೇಡ. ಚರ್ಚೆಯೆಲ್ಲ ಬಹಿರಂಗವಾಗಿಯೇ ನಡೆಯುತ್ತದೆ.

ಕೇಳುವವರಿಗೆ ನಮ್ಮಲ್ಲಿ ಮೇಲ್ಪಂಕ್ತಿಯ ಕೊರತೆಯಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶುದ್ಧಗನ್ನಡದ ಅಕ್ಷರಗಳು 47 ಎಂದು ಲೆಕ್ಕಹಾಕಿ ಹೇಳಿದ. ಸಂಸ್ಕೃತದ ಲೆಕ್ಕವನ್ನು ಹಾಗೆಯೇ ಒಪ್ಪದೆ, ಕನ್ನಡಕ್ಕೆ ಬೇಡದುದನ್ನು ಕಳೆದು ಬೇಕಾದುದನ್ನು ಕೂಡಿಸಿದ. ಇಂದು ಕನ್ನಡವನ್ನು ಬೆರಳಚ್ಚಿಸಲು ಬಹುಜನ ಬಳಸುವ ಕೀಲಿಮಣೆಯ ವಿನ್ಯಾಸವನ್ನು ಮಾಡಿದವರು ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್. ಮಕ್ಕಳಿಗಾಗಿ ಆಜ್ಞೆಗಳೂ ಕನ್ನಡದಲ್ಲಿಯೇ ಇರುವ ‘ಕನ್ನಡ ಲೋಗೋ’ವನ್ನು ರೂಪಿಸಿದವರು ಯು. ಬಿ. ಪವನಜ. ಕೋಟದ ಕಾರಂತರಂತೂ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಯಾರ ಅಪ್ಪಣೆಯನ್ನೂ ಕಾಯಲಿಲ್ಲ. 1936ರಲ್ಲಿ ಬಾಲಪ್ರಪಂಚವನ್ನೂ ಮುಂದೆ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನೂ ಅವರು ಒಬ್ಬರೇ ಬರೆದು ಮುಗಿಸಿದರು.

ಕನ್ನಡ ಎಂ.ಎ. ಓದಿದವರು ಗಣಕ ತಮಗೆ ಸಂಬಂಧಿಸಿದ್ದಲ್ಲವೆಂದು ದೂರ ಸರಿಯುವುದೂ ಗಣಕ ಓದಿದವರು ವರ್ಣಮಾಲೆ ಪ್ರಾಥಮಿಕ ಶಾಲೆಯ ವಿಷಯವೆಂದು ಮರೆಯುವುದೂ ನಮ್ಮ ಕಾಲೇಜುಗಳ ರೂಢಿ. ಇಬ್ಬರ ನಡುವಿನ ಈ ಬಯಲಿನಲ್ಲಿಯೇ ಬ್ರಹ್ಮಾವರದ ಒತ್ತಕ್ಷರ ಸೀಳಿಹೋಗಿದೆ. ಒತ್ತಕ್ಷರ ಒಂದೇ ಅಕ್ಷರವೆಂದು ಹೇಳಬಲ್ಲವರು ಮೊದಲಿನವರು. ಅದನ್ನು ಹೇಳಬೇಕಾದ ಜಾಗವನ್ನು ಬಲ್ಲವರು ಎರಡನೆಯವರು. ಒಂದೇ ಕಟ್ಟಡದ ಎರಡು ಕೊಠಡಿಗಳಲ್ಲಿ ಪಾಠ ಹೇಳುವ ಇವರು ವರ್ಷಕ್ಕೊಂದು ಸಂಜೆ ಒಟ್ಟಿಗೆ ಕುಳಿತರೂ ಸಾಕು.

ಅಕ್ಟೋಬರಿನಲ್ಲಿ ಹೊಸ ಆವೃತ್ತಿ ಬಂದಾಗ ಅಂಥ ಒಂದು ಸಂಜೆಯ ಪರೀಕ್ಷೆಗೆ ಐದು ಪ್ರಶ್ನೆಗಳು ಸಾಕಾಗುತ್ತವೆ. ಹೆಸರು ಹೇಳದೆ ಇಟ್ಟ ಕನ್ನಡದ ಕಡತವನ್ನು ಯಂತ್ರ ಎಡವದೆ ಓದಿತೆ? ಎರಡು ಕೋಟಗಳು ಒಂದಾದವೆ? ಬಸ್ರೂರು ಬಳ್ಕೂರಿಗಿಂತ ಮೊದಲು ಬಂದಿತೆ? ಬಸ್‌ನಿಲ್ದಾಣದ ಕಾಣದ ಚಿಹ್ನೆಯನ್ನು ಹೆಸರಿನಲ್ಲಿ ಸಹಿಸಿತೆ? ಬ್ರಹ್ಮಾವರಕ್ಕೆ ಎಷ್ಟು ಅಕ್ಷರ ಎಂದಿತು? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ತಪ್ಪಿದ್ದರೆ ಸಾಕ್ಷಿಯ ಸಮೇತ ಸಂಬಂಧಪಟ್ಟವರಿಗೆ ಕಳುಹಿಸಿದರೆ, ಮುಂದಿನ ಆವೃತ್ತಿಗಳ ಕೊನೆಯ ಪುಟದ ಸಣ್ಣ ಸಾಲುಗಳಲ್ಲಿ ಎಂದಾದರೊಂದು ದಿನ ಕನ್ನಡದ ಹೆಸರೂ ಕಾಣಿಸಿಕೊಂಡೀತು. ಒಂದನೆಯ ತರಗತಿಯ ಮಗು ಬೆರಳು ಮಡಿಸಿ ಹೇಳುವ ಉತ್ತರವನ್ನು ಯಂತ್ರಕ್ಕೆ ಕಲಿಸುವಷ್ಟು ಬಿಡುವು ಈ ಮೂರು ತಾಲೂಕುಗಳ ಕಾಲೇಜುಗಳಲ್ಲಿ ಇಲ್ಲದೆ ಇದ್ದೀತೆ?